ಕರದಂಟು: ಹೊಲದ ಬೆಲ್ಲವೂ ಮನೆಯ ಪಾಕವೂ

ಕೃಷ್ಣೆ ಮತ್ತು ಘಟಪ್ರಭೆಗಳ ನೀರುಂಡು ಬೆಳೆಯುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಬಾಣಂತಿಯಿರುವ ಮನೆಯಲ್ಲಿ ಅಂಟಿನ ಉಂಡೆ ಕಟ್ಟುವ ರೂಢಿಯು ಬಹು ಹಳೆಯದು. ಅದೇ ಸಾಮಾನುಗಳನ್ನು ಬೆಲ್ಲದ ಪಾಕದಲ್ಲಿ ಕೂಡಿಸಿ, ಪರಾತದಲ್ಲಿ ತಟ್ಟಿ ಕತ್ತರಿಸಿದರೆ ಅದು ಕರದಂಟು. ಕರಿದ ಅಂಟು ಇದರಲ್ಲಿ ಮುಖ್ಯವಾದುದರಿಂದಲೇ ಈ ಹೆಸರು ಬಂದಿದೆ. ಬೆಳಗಾವಿ ಜಿಲ್ಲೆಯ ಗೋಕಾಕ ಮತ್ತು ಬಾಗಲಕೋಟೆ ಜಿಲ್ಲೆಯ ಅಮೀನಗಡ ಎಂಬೆರಡು ಊರುಗಳು ಈ ತಿನಿಸಿನಿಂದ ನಾಡೆಲ್ಲ ಹೆಸರಾಗಿವೆ. ಮೇಲ್ಕಂಡ ನಾಲ್ಕು ತಾಲೂಕುಗಳು ಇವೆರಡರ ನಡುವಿನಲ್ಲಿ ಇದ್ದು, ಕರದಂಟಿಗೆ ಬೇಕಾದ ಬೆಲ್ಲ, ಶೇಂಗಾ, ಒಣದ್ರಾಕ್ಷಿಗಳನ್ನು ತಮ್ಮ ಹೊಲಗಳಲ್ಲಿಯೇ ಬೆಳೆದುಕೊಳ್ಳುತ್ತವೆ.

ಪಾಶ್ಚಾತ್ಯರ ಅಡಿಗೆಯಲ್ಲಿ ಸೇಬು ಮೊದಲಾದ ಹಣ್ಣಿನ ಹೋಳುಗಳ ಮೇಲೆ ಓಟ್ಸ್, ಬೆಣ್ಣೆ, ಸಕ್ಕರೆ, ಬಾದಾಮಿಯ ಚೂರುಗಳನ್ನು ಹರಡಿ, ಒಲೆಪೆಟ್ಟಿಗೆಯಲ್ಲಿ ಗರಿಗರಿಯಾಗುವ ತನಕ ಬೇಯಿಸಿ ಊಟದ ಕೊನೆಗೆ ಬಡಿಸುವ ಪದ್ಧತಿಯಿದೆ. ಹಣ್ಣು, ಕಾಯಿಬೀಜ, ಜಿಡ್ಡು, ಸಿಹಿ ಎಂಬ ಈ ನಾಲ್ಕರ ಕೂಟವೇ ಕರದಂಟಿನಲ್ಲಿಯೂ ಉಂಟು. ಭೇದವೇನೆಂದರೆ, ಅದನ್ನು ಬಿಸಿಯಿರುವಾಗಲೇ ತಿಂದು ಮುಗಿಸಬೇಕು. ಕರದಂಟು ಸರಿಯಾಗಿ ಆದರೆ ತಿಂಗಳವರೆಗೆ ಕೆಡದೆ ಇರುತ್ತದೆ. ಹಣ್ಣನ್ನು ಒಣಗಿಸಿ, ಕಾಳನ್ನು ಹುರಿದು, ಅಂಟನ್ನು ಕರಿದು, ನೀರಿನ ಅಂಶವನ್ನೆಲ್ಲ ಮೊದಲೇ ತೆಗೆದುಬಿಡುವುದರಲ್ಲಿ ಇದರ ಬಾಳಿಕೆಯ ಗುಟ್ಟು ಇದೆ.

ಹಾಗಾದರೆ ಹಲವು ಮನೆಗಳಲ್ಲಿ ಕರದಂಟು ಎಂಟು ದಿನಕ್ಕೇ ಬೆವರುವುದೇಕೆ? ಹಲ್ಲಿಗೆ ಅಂಟುವುದೇಕೆ? ಮಳೆಗಾಲದಲ್ಲಿ ಬೂಸರು ಹಿಡಿಯುವುದೇಕೆ? ಮನೆಯ ಹೆಂಗಸರ ಕೈಗುಣವನ್ನು ದೂರುವುದು ಸುಲಭ. ಆದರೆ ದೋಷವು ಅನೇಕ ವೇಳೆ ಒಲೆಯ ಮುಂದೆ ಹುಟ್ಟಿದುದಲ್ಲ. ಅದು ಕಬ್ಬಿನ ಹೊಲದಲ್ಲಿ, ಗಾಣದ ಕೊಪ್ಪರಿಗೆಯಲ್ಲಿ, ಶೇಂಗಾ ಒಣಹಾಕಿದ ಕಣದಲ್ಲಿ ಹುಟ್ಟಿದ್ದು. ಆದುದರಿಂದ ಈ ಪಾಕದ ವಿಚಾರವು ಜಮೀನಿನ ಒಡೆಯರಿಗೂ ಊರ ಮುಖಂಡರಿಗೂ ಸಂಬಂಧಪಟ್ಟದ್ದಾಗಿದೆ.

ಬೆಲ್ಲ.— ಕರದಂಟಿನ ತೂಕದಲ್ಲಿ ಬೆಲ್ಲವು ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಆದರೂ ಉಳಿದ ಮುಕ್ಕಾಲು ಭಾಗವನ್ನು ಹಿಡಿದು ನಿಲ್ಲಿಸುವುದು ಅದೇ. ಬೆಲ್ಲದಲ್ಲಿ ಹರಳುಗಟ್ಟುವ ಸಕ್ಕರೆಯೂ ಹರಳುಗಟ್ಟದ ಸಕ್ಕರೆಯೂ ಎರಡೂ ಇರುತ್ತವೆ. ಹರಳುಗಟ್ಟುವ ಅಂಶ ಹೆಚ್ಚಿದ್ದರೆ ಬೆಲ್ಲ ಗಡುಸಾಗಿ, ಒಡೆದಲ್ಲಿ ಕಣಕಣವಾಗಿ ಹೊಳೆಯುತ್ತದೆ. ಹರಳುಗಟ್ಟದ ಅಂಶವೂ ಲವಣಗಳೂ ಹೆಚ್ಚಾದರೆ ಗಾಳಿಯೊಳಗಿನ ತೇವವನ್ನು ಎಳೆದುಕೊಂಡು ಮೆತ್ತಗಾಗಿ ಒಸರುತ್ತದೆ. ಇಂಥ ಬೆಲ್ಲದಿಂದ ಮಾಡಿದ ಪಾಕವು ಒಲೆಯ ಮೇಲೆ ಗಟ್ಟಿಯಾದಂತೆ ಕಂಡರೂ ಡಬ್ಬಿಯಲ್ಲಿ ಸಡಿಲಾಗುತ್ತದೆ. 2006ನೆಯ ಇಸವಿಯ ಆಹಾರ ಸುರಕ್ಷತಾ ಕಾಯಿದೆಯ ಕೆಳಗೆ ಮಾಡಿದ ನಿಯಮಗಳಲ್ಲಿ ಗಟ್ಟಿ ಬೆಲ್ಲದ ತೇವವು ನೂರಕ್ಕೆ 10 ಭಾಗವನ್ನು ಮೀರಬಾರದೆಂದೂ, ಒಣ ತೂಕದ ಲೆಕ್ಕದಲ್ಲಿ ಒಟ್ಟು ಸಕ್ಕರೆಯು 90 ಭಾಗಕ್ಕೆ, ಅದರಲ್ಲಿ ಹರಳುಗಟ್ಟುವ ಸಕ್ಕರೆಯು 60 ಭಾಗಕ್ಕೆ ಕಡಿಮೆಯಾಗಬಾರದೆಂದೂ ವಿಧಿಸಿದ್ದು ಇದೇ ಕಾರಣಕ್ಕೆ ಸಲ್ಲುತ್ತದೆ. ಕರದಂಟಿಗೆ ಬೇಕಾದ ಬೆಲ್ಲವು ಈ ಕನಿಷ್ಠ ಮಟ್ಟಕ್ಕಿಂತ ಬಹಳ ಮೇಲಿರಬೇಕು.

ಈ ಗುಣವು ಮೊದಲು ಮಣ್ಣಿನಿಂದ ಬರತಕ್ಕದ್ದು. ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯ ಕರಿಮಣ್ಣಿನ ಹೊಲಗಳಲ್ಲಿ ಕಬ್ಬು ಹಬ್ಬಿತು. ನೀರು ಬಸಿದು ಹೋಗುವ ದಾರಿಯನ್ನು ಮಾತ್ರ ಯಾರೂ ಬೇಗ ಯೋಚಿಸಲಿಲ್ಲ. ಹೀಗಾಗಿ ತಗ್ಗಿನ ಎಷ್ಟೋ ಜಮೀನುಗಳು ಸವಳು-ಜವಳು ಹಿಡಿದಿವೆ. ಸವಳು ಭೂಮಿಯ ಕಬ್ಬು ಎತ್ತರವಾಗಿ ಬೆಳೆದರೂ ಅದರ ರಸದಲ್ಲಿ ಉಪ್ಪಿನ ಅಂಶ ಸೇರಿಕೊಂಡು, ಬೆಲ್ಲವು ಕಪ್ಪಾಗಿ, ನಾಲಗೆಗೆ ಉಪ್ಪುಪ್ಪಾಗಿ, ಮೊದಲ ಮಳೆಗೇ ಕರಗತೊಡಗುತ್ತದೆ. ಇಂಥ ಹೊಲದ ಕಬ್ಬನ್ನು ಬೆಲ್ಲಕ್ಕೆ ಅರೆಯದಿರುವುದು ಲೇಸು. ಬಸಿಗಾಲುವೆಗಳನ್ನು ತೆಗೆದು, ಹಸಿರೆಲೆ ಗೊಬ್ಬರ ಹಾಕಿ ಭೂಮಿಯನ್ನು ಸರಿಪಡಿಸುವ ಕೆಲಸವು ಒಬ್ಬರಿಂದ ಆಗುವಂಥದಲ್ಲ. ಮೇಲಿನ ಹೊಲದವರ ನೀರು ಕೆಳಗಿನವರ ಹೊಲದಲ್ಲಿ ನಿಲ್ಲುವುದರಿಂದ, ನೆರೆಹೊರೆಯವರೆಲ್ಲ ಒಡಂಬಟ್ಟು ಹಳ್ಳದವರೆಗೆ ಕಾಲುವೆ ಒಯ್ಯಬೇಕಾಗುತ್ತದೆ. ಊರ ಹಿರಿಯರ ಮಾತು ನಡೆಯಬೇಕಾದ ಜಾಗ ಇದು.

ಎರಡನೆಯದು ಗೊಬ್ಬರ. ಯೂರಿಯವನ್ನು ತಡವಾಗಿಯೂ ವಿಪರೀತವಾಗಿಯೂ ಸುರಿದ ಕಬ್ಬು ಹಸಿರಾಗಿ ಸೊಕ್ಕುತ್ತದೆಯೇ ಹೊರತು ಮಾಗುವುದಿಲ್ಲ. ಸಾರಜನಕವನ್ನು ಹಲವು ಕಂತುಗಳಲ್ಲಿ ಕೊಟ್ಟು, ದೊಡ್ಡ ಮಣ್ಣು ಏರಿಸುವ ಹೊತ್ತಿಗೆ, ಎಂದರೆ ಸುಮಾರು ನಾಲ್ಕು ತಿಂಗಳಲ್ಲಿ ಮುಗಿಸಿಬಿಡತಕ್ಕದ್ದು. ತಳಿಯ ವಿಷಯದಲ್ಲಿ ಹೆಚ್ಚಿಗೆ ಹೇಳಬೇಕಾದುದಿಲ್ಲ. ಕೊಯಿಮತ್ತೂರಿನ ಕಬ್ಬಿನ ತಳಿ ಸಂಸ್ಥೆಯಿಂದ ಬಂದ ಕೋ 86032 ಎಂಬ ತಳಿಯು ಇಲ್ಲಿ ಬೇರೂರಿದ್ದು, ಬೆಲ್ಲಕ್ಕೂ ಒಳ್ಳೆಯದೆಂದು ರೈತರೇ ಕಂಡುಕೊಂಡಿದ್ದಾರೆ. ಕಟಾವಿಗೆ ಎರಡು ವಾರ ಮೊದಲೇ ನೀರು ನಿಲ್ಲಿಸಬೇಕು. ಕಡಿದ ಕಬ್ಬನ್ನು 24 ಗಂಟೆಗಳೊಳಗೆ ಅರೆಯಬೇಕು. ಕಡಿದಿಟ್ಟ ಕಬ್ಬಿನಲ್ಲಿ ಹರಳುಗಟ್ಟುವ ಸಕ್ಕರೆಯು ಗಳಿಗೆ ಗಳಿಗೆಗೂ ಒಡೆದು ಹರಳುಗಟ್ಟದ ಸಕ್ಕರೆಯಾಗುತ್ತ ಹೋಗುವುದು. ಆಳು ಸಿಗಲಿಲ್ಲವೆಂದು ಮೂರು ದಿನ ಬಿಸಿಲಿಗೆ ಬಿದ್ದ ಕಬ್ಬಿನ ಬೆಲ್ಲ ಮೆತ್ತಗಾದರೆ, ಗಾಣದವನ ಮೇಲೆ ಸಿಟ್ಟಾಗಿ ಫಲವಿಲ್ಲ.

ಕೊಪ್ಪರಿಗೆಯಲ್ಲಿ ರಸ ಕಾಯುತ್ತಿರುವಾಗ ಮೊದಲು ಏಳುವ ಕೊಳೆಯನ್ನು ಕುದಿ ಬರುವುದಕ್ಕೆ ಮುಂಚೆಯೇ ತೆಗೆಯತಕ್ಕದ್ದು. ಕುದಿಯಲ್ಲಿ ಒಮ್ಮೆ ಒಡೆದು ಬೆರೆತರೆ ಮತ್ತೆ ಬೇರ್ಪಡಿಸುವುದು ಸಾಧ್ಯವಿಲ್ಲ. ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದ ಲೋಳೆಯು ಕೊಳೆಯನ್ನು ಕಟ್ಟಿ ಮೇಲೆ ತರುತ್ತದೆ. ರಸದ ಹುಳಿಯನ್ನು ತಗ್ಗಿಸಲು ಸುಣ್ಣದ ತಿಳಿ ಸ್ವಲ್ಪ ಸಾಕು. ಹೆಚ್ಚಾದರೆ ಬಣ್ಣ ಕಪ್ಪಾಗುವುದು. ಪಾಕವು ಸುಮಾರು 118 ಸೆಲ್ಸಿಯಸ್ ಅಂಶಕ್ಕೆ ಬಂದಾಗ ಇಳಿಸಬೇಕು. ಇಷ್ಟು ಮಾಡಿದರೆ ಹೊಂಬಣ್ಣಕ್ಕೂ ಕಂದು ಬಣ್ಣಕ್ಕೂ ನಡುವಿನ, ಪರಿಮಳವುಳ್ಳ ಬೆಲ್ಲ ಇಳಿಯುತ್ತದೆ.

ಆದರೆ ಪೇಟೆ ಕೇಳುವುದು ಇದನ್ನಲ್ಲ. ಪೇಟೆಗೆ ಅರಿಸಿನದಂಥ ಹಳದಿ ಬೇಕು. ಆ ಹಳದಿಗಾಗಿ ಅನೇಕ ಗಾಣಗಳಲ್ಲಿ ಹೈಡ್ರೋಸ್ ಎಂದು ಕರೆಯುವ ಬಿಳಿಯ ಪುಡಿಯನ್ನು ಪಾಕಕ್ಕೆ ಹಾಕುತ್ತಾರೆ. ಇದು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಯ ಬಣ್ಣಗಾರಿಕೆಯಲ್ಲಿ ಬಳಕೆಯಾಗುವ ವಸ್ತು. ರಬಕವಿ-ಬನಹಟ್ಟಿಯ ನೂಲು ಬಣ್ಣ ಹಾಕುವ ನೇಕಾರರಿಗೆ ಇದರ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಇದು ಬೆಲ್ಲದ ಬಣ್ಣವನ್ನು ಬಿಳುಪೇರಿಸುತ್ತದೆ, ಆದರೆ ಗಂಧಕದ ಅಂಶವನ್ನು ಬೆಲ್ಲದಲ್ಲಿಯೇ ಬಿಡುತ್ತದೆ. ಉಬ್ಬಸವುಳ್ಳವರಿಗೆ ಗಂಧಕದ ಈ ಅಂಶವು ಕೆಡುಕು ಮಾಡುವುದುಂಟು. ಮೇಲಾಗಿ ಆ ಹಳದಿಯು ನಿಲ್ಲುವಂಥದೂ ಅಲ್ಲ. ಕೆಲವು ವಾರಗಳಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಇನ್ನು ಕೆಲವರು ಕೆಳದರ್ಜೆಯ ಬೆಲ್ಲಕ್ಕೆ ಸಕ್ಕರೆ ಸುರಿದು ಮತ್ತೆ ಕಾಸಿ ಗಟ್ಟಿ ಪೆಂಟೆ ಮಾಡುವುದನ್ನು ಕಲಿತಿದ್ದಾರೆ. ಅದು ಬೆಲ್ಲದ ಹೆಸರಿನಲ್ಲಿ ಮಾರುವ ಬೇರೊಂದು ಸರಕು.

ವಿಚಿತ್ರವಾದುದೇನೆಂದರೆ, ಇದೇ ಗಾಣಗಳಲ್ಲಿ ಮನೆಬಳಕೆಗೆಂದು ಒಂದೆರಡು ಕೊಪ್ಪರಿಗೆಗಳನ್ನು ಪುಡಿ ಹಾಕದೆ ಇಳಿಸಿಕೊಳ್ಳುವವರಿದ್ದಾರೆ. ಎಂದರೆ ಪುಡಿಯ ದೋಷವು ಮಾಡುವವರಿಗೆ ತಿಳಿಯದ ಸಂಗತಿಯಲ್ಲ. ತಮ್ಮ ಸೊಸೆಯ ಅಂಟಿನ ಉಂಡೆಗೆ ಬೇಡವಾದ ಬೆಲ್ಲವು ಬೇರೆ ಊರಿನ ಬಾಣಂತಿಯ ಉಂಡೆಗೆ ಹೋಗುತ್ತದೆ. ರೈತನೊಬ್ಬನನ್ನೇ ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ. ಮಹಾಲಿಂಗಪುರದಂಥ ದೊಡ್ಡ ಬೆಲ್ಲದ ಪೇಟೆಗೆ ಕಂದು ಪೆಂಟೆಗಳ ಗಾಡಿ ಹೋದರೆ ಸವಾಲಿನಲ್ಲಿ ಅದಕ್ಕೆ ಹಳದಿಯ ದರ ಬರುವುದು ಕಷ್ಟ. ಬಣ್ಣ ನೋಡಿ ಬೆಲೆ ಕಟ್ಟುವ ಕೊಳ್ಳುಗನೂ, ಆ ಬಣ್ಣವನ್ನೇ ಕೇಳುವ ಗಿರಾಕಿಯೂ ಇದರಲ್ಲಿ ಪಾಲುಗಾರರು. ಆದರೂ ಈಚಿನ ವರ್ಷಗಳಲ್ಲಿ ಪುಡಿಯಿಲ್ಲದ ಬೆಲ್ಲವನ್ನು ಹುಡುಕಿಕೊಂಡು ಬರುವ ಗಿರಾಕಿಗಳು ಪಟ್ಟಣಗಳಲ್ಲಿ ಹೆಚ್ಚುತ್ತಿದ್ದಾರೆ. ಒಂದು ಊರಿನ ಗಾಣದವರು ಕೂಡಿಕೊಂಡು, ಹಂಗಾಮಿನಲ್ಲಿ ಇಂತಿಷ್ಟು ಕೊಪ್ಪರಿಗೆ ಶುದ್ಧ ಬೆಲ್ಲವನ್ನೇ ಇಳಿಸಿ, ಊರ ಹೆಸರಿನಲ್ಲಿಯೇ ಬೇರೆಯಾಗಿ ಮಾರುವ ಏರ್ಪಾಡು ಮಾಡಿದರೆ ಒಬ್ಬೊಬ್ಬರಿಗೇ ಬೀಳುವ ನಷ್ಟದ ಅಂಜಿಕೆ ಕಡಿಮೆಯಾಗುತ್ತದೆ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಬರುವುದೆಂದು ಲೆಕ್ಕ ಹಿಡಿದರೆ, ಪರೀಕ್ಷೆಗಾಗಿ ಮೊದಲ ವರ್ಷ ನಾಲ್ಕೈದು ಟನ್ನು ಕಬ್ಬು ಸಾಕಾಗುವುದು.

ಬೆಲ್ಲ ಕೊಳ್ಳುವವರಿಗೆ ಒಂದು ಮಾತು. ಪುಡಿ ಹಾಕಿದ್ದನ್ನು ಬರಿಗಣ್ಣಿನಿಂದ ಖಚಿತವಾಗಿ ಹೇಳುವುದಾಗದು. ಆದರೆ ಕಣ್ಣು ಕುಕ್ಕುವಂಥ ಹಳದಿಯನ್ನು ಸಂಶಯದಿಂದ ನೋಡತಕ್ಕದ್ದು. ಒಂದು ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿಟ್ಟರೆ ಮರಳು, ಸುಣ್ಣದ ಹಿಟ್ಟು, ಕಸಗಳು ತಳಕ್ಕೆ ಕೂಡುತ್ತವೆ. ಇದರಿಂದ ಕಲಬೆರಕೆಯ ಒಂದು ಬಗೆಯಾದರೂ ಬಯಲಾಗುತ್ತದೆ.

ಶೇಂಗಾ.— ಹಣವಂತರ ಕರದಂಟಿನಲ್ಲಿ ಗೋಡಂಬಿ ಬಾದಾಮಿಗಳೇ ತುಂಬಿರುತ್ತವೆ. ಆದರೆ ಅವುಗಳ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಹುರಿದ ಶೇಂಗಾ ಹಾಕಿದರೆ ರುಚಿಗೂ ಪುಷ್ಟಿಗೂ ಕೊರತೆಯಾಗದು. ನೂರು ಗ್ರಾಮು ಶೇಂಗಾದಲ್ಲಿ 25 ಗ್ರಾಮಿನಷ್ಟು ಪ್ರೋಟೀನು ಇದೆ, ಗೋಡಂಬಿಯಲ್ಲಿ ಅದಕ್ಕೂ ಕಡಿಮೆ. ಶೇಂಗಾದಲ್ಲಿ ಅಂಜಬೇಕಾದುದು ಬೂಸರು ಒಂದೇ. 1960ರಲ್ಲಿ ಇಂಗ್ಲಂಡಿನಲ್ಲಿ ಟರ್ಕಿ ಕೋಳಿಗಳು ಒಂದು ಲಕ್ಷಕ್ಕೂ ಹೆಚ್ಚಾಗಿ ಸತ್ತಾಗ, ಅವಕ್ಕೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಒಂದು ಬಗೆಯ ಬೂಸರಿನ ವಿಷವಿರುವುದು ಗೊತ್ತಾಯಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ನಮ್ಮ ದೇಶದಲ್ಲಿಯೇ 1974ರಲ್ಲಿ ಗುಜರಾತ ರಾಜಸ್ಥಾನಗಳ ಗಡಿಯ ಹಳ್ಳಿಗಳಲ್ಲಿ ಇದೇ ವಿಷ ಸೇರಿದ ಗೋವಿನಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನರು ಕಾಮಾಲೆಯಾಗಿ ಸತ್ತರು. ಸ್ವಲ್ಪ ಸ್ವಲ್ಪವಾಗಿ ಬಹುದಿನ ಹೊಟ್ಟೆಗೆ ಸೇರಿದರೆ ಪಿತ್ತಕೋಶದ, ಎಂದರೆ ಲಿವರಿನ, ಅರ್ಬುದ ರೋಗಕ್ಕೆ ಕಾರಣವಾಗುತ್ತದೆ. ಹುರಿದರೆ ವಿಷ ತುಸು ಕಡಿಮೆಯಾದೀತು, ನಾಶವಾಗುವುದಿಲ್ಲ.

ಬೂಸರು ಹೊಲದಲ್ಲಿ ಮೊದಲಾಗಿ ಕಣದಲ್ಲಿ ಬಲಿಯುತ್ತದೆ. ಕಾಯಿ ಬಲಿಯುವ ಕಾಲದಲ್ಲಿ ಮಳೆ ಕೈಕೊಟ್ಟ ಬೀಳಗಿಯಂಥ ಒಣಸೀಮೆಯ ಬೆಳೆಗೆ ಈ ಭಯ ಹೆಚ್ಚು. ಕಿತ್ತ ಕೂಡಲೇ ಗಿಡವನ್ನು ಬುಡಮೇಲಾಗಿ ಸಾಲಿಟ್ಟು, ಕಾಯಿ ಅಲುಗಿಸಿದರೆ ಕಾಳು ಗಲಗಲ ಎನ್ನುವ ತನಕ ಒಣಗಿಸತಕ್ಕದ್ದು. ಕಾಯಿಯ ತೇವ ನೂರಕ್ಕೆ 8 ಭಾಗದ ಸುಮಾರಿಗೆ ಇಳಿದಿರಬೇಕು. ಸುಲಿಯುವುದಕ್ಕೆ ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ಚಾಳಿಯೊಂದಿದೆ. ಇದು ಬೂಸರಿಗೆ ಕೈಯಾರೆ ಔತಣ ಕೊಟ್ಟಂತೆ. ಕರದಂಟಿಗೆ ಹಾಕುವ ಮೊದಲು ಕಾಳನ್ನು ಮೊರದಲ್ಲಿ ಹರಡಿ, ಮುದುಡಿದ, ಬಣ್ಣಗೆಟ್ಟ, ಸಿಪ್ಪೆ ಒಡೆದು ಬೂದು ಹಿಡಿದ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು. ಆರಿಸಿದ್ದನ್ನು ದನಕ್ಕೆ ಹಾಕುವುದೂ ತಪ್ಪು. ಆ ವಿಷವು ಹಾಲಿನಲ್ಲಿ ಇಳಿಯುತ್ತದೆ. ಸುಟ್ಟುಬಿಡುವುದೇ ಸರಿ.

ಒಣದ್ರಾಕ್ಷಿ.— ಜಮಖಂಡಿ ತಾಲೂಕಿನ ಸಾವಳಗಿಯ ಕಡೆಗೂ, ನೆರೆಯ ವಿಜಯಪುರ ಜಿಲ್ಲೆಯಲ್ಲಿಯೂ ಬೀಜವಿಲ್ಲದ ದ್ರಾಕ್ಷಿಯನ್ನು ನೆರಳಿನ ಜಾಲರಿ ಅಟ್ಟಗಳ ಮೇಲೆ ಒಣಗಿಸುತ್ತಾರೆ. ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಒಂದು ಬಗೆಯ ಎಣ್ಣೆ ಕೂಡಿಸಿದ ನೀರಿನಲ್ಲಿ ಗೊನೆಗಳನ್ನು ಅದ್ದುವುದರಿಂದ ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಾಗಿ ಹದಿನೈದು ದಿನಗಳ ಸುಮಾರಿಗೆ ಒಣಗುತ್ತವೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಬೆಲ್ಲದ ಹಳದಿಯ ಕಥೆಯೇ ಇಲ್ಲಿಯೂ ಇದೆ: ಹೊಂಬಣ್ಣಕ್ಕಾಗಿ ಗಂಧಕದ ಹೊಗೆ ಕೊಡುವುದುಂಟು. ಕರದಂಟಿನಲ್ಲಿ ಬಣ್ಣವು ಬೆಲ್ಲದ ಕೆಳಗೆ ಮುಚ್ಚಿಹೋಗುವುದರಿಂದ ಹೊಗೆಯಿಲ್ಲದ ಕಂದು ದ್ರಾಕ್ಷಿಯನ್ನೇ ಕೊಳ್ಳುವುದು ಜಾಣತನ, ಬೆಲೆಯೂ ಕಡಿಮೆ. ಅದನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಒಂದು ದಿನ ಪೂರ್ತಿ ಆರಿಸಬೇಕು. ಒದ್ದೆ ದ್ರಾಕ್ಷಿ ಹಾಕಿದ ಕರದಂಟು ಒಳಗಿನಿಂದ ಕೆಡುತ್ತದೆ.

ಅಂಟು.— ಹೊಲದ ಬದುವಿನ ಜಾಲಿಯ ಮರಗಳಿಂದ ಬೇಸಿಗೆಯಲ್ಲಿ ಒಸರುವ ಅಂಟು ಇದಕ್ಕೆ ಸಲ್ಲುತ್ತದೆ. ಬೇವಿನದು, ನುಗ್ಗೆಯದು ಬೆರೆತಿರಬಾರದು. ಪೇಟೆಯಿಂದ ತಂದ ಅಂಟನ್ನು ಪರೀಕ್ಷಿಸುವ ಬಗೆ ಸುಲಭವಾಗಿದೆ: ಒಂದು ಚೂರನ್ನು ರಾತ್ರಿ ನೀರಿನಲ್ಲಿ ಹಾಕಿಡಬೇಕು. ಬೆಳಿಗ್ಗೆ ಪೂರಾ ಕರಗಿ ನೀರು ಅಂಟಂಟಾಗಿದ್ದರೆ ಜಾಲಿಯ ಜಾತಿಯದು. ಕರಗದೆ ಉಬ್ಬಿ ಲೋಳೆಯ ಮುದ್ದೆಯಾಗಿದ್ದರೆ ಅದು ಬೇರೆ ಮರದ ಅಂಟು, ಕರದಂಟಿಗೆ ಬೇಡ. ಒಳ್ಳೆಯ ಅಂಟನ್ನು ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ತೊಗರಿಕಾಳಿನಷ್ಟು ಸಣ್ಣಗೆ ಒಡೆದುಕೊಳ್ಳತಕ್ಕದ್ದು. ದೊಡ್ಡ ತುಂಡು ಹೊರಗೆ ಅರಳಿದರೂ ಒಳಗೆ ಗಾಜಿನಂತೆ ಉಳಿಯುತ್ತದೆ. ಹಲ್ಲಿಗೆ ಅಂಟುವ ಕರದಂಟಿನ ಕಾರಣಗಳಲ್ಲಿ ಇದೇ ಮೊದಲನೆಯದು.

ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಏಲಕ್ಕಿ, ಜಾಜಿಕಾಯಿ, ಗೋಡಂಬಿ, ಬಾದಾಮಿಗಳು ಹೊರಗಿನಿಂದ ಬರತಕ್ಕವು. ಕೊಬ್ಬರಿಯನ್ನು ಮುರಿದು ಮೂಸಿ ನೋಡಿ, ಕಮಟು ವಾಸನೆಯಿದ್ದರೆ ಬಿಡಬೇಕು. ಎಷ್ಟು ಏಲಕ್ಕಿ ಹಾಕಿದರೂ ಆ ವಾಸನೆ ಮುಚ್ಚುವುದಿಲ್ಲ.

ಮಾಡುವ ರೀತಿ.— ಅರವತ್ತರಿಂದ ಅರವತ್ತೈದು ತುಂಡುಗಳಾಗುವಷ್ಟು ಕರದಂಟಿಗೆ ಬೆಲ್ಲ 700 ಗ್ರಾಮು, ಕೊಬ್ಬರಿ 400 ಗ್ರಾಮು, ಬೀಜ ತೆಗೆದ ಉತ್ತತ್ತಿ 400 ಗ್ರಾಮು, ಒಣದ್ರಾಕ್ಷಿ 250 ಗ್ರಾಮು, ಶೇಂಗಾ 250 ಗ್ರಾಮು, ಗೋಡಂಬಿ ಬಾದಾಮಿಗಳು ಕೂಡಿ 100 ಗ್ರಾಮು, ಅಂಟು 200 ಗ್ರಾಮು, ತುಪ್ಪ 250 ಗ್ರಾಮು, ಗಸಗಸೆ 50 ಗ್ರಾಮು ಬೇಕು. ಎಂಟು ಹತ್ತು ಏಲಕ್ಕಿ, ಅರ್ಧ ಜಾಜಿಕಾಯಿ ಸಾಕು. ಬಾಣಂತಿಗೆಂದು ಮಾಡುವವರು ಹುರಿದ ಅಳವಿ ಬೀಜವನ್ನೂ ಒಣಶುಂಠಿಯನ್ನೂ ಸ್ವಲ್ಪ ಕೂಡಿಸುವುದುಂಟು.

ದಪ್ಪ ತಳದ ಕಡಾಯಿಯಲ್ಲಿ ತುಪ್ಪ ಕಾಯಿಸಿ, ಹದವಾದ ಉರಿಯ ಮೇಲೆ ಅಂಟನ್ನು ಒಂದೊಂದು ಹಿಡಿಯಷ್ಟೇ ಹಾಕಿ ಕರಿಯಬೇಕು. ಒಮ್ಮೆಲೇ ಎಲ್ಲವನ್ನೂ ಸುರಿದರೆ ತುಪ್ಪ ತಣ್ಣಗಾಗಿ ಅಂಟು ಅರಳದು. ಉರಿ ಹೆಚ್ಚಾದರೆ ಮೇಲೆ ಕೆಂಪಾಗಿ ಒಳಗೆ ಹಸಿಯಾಗಿರುವುದು. ಬೆಳ್ಳಗೆ ಹೂವಿನಂತೆ ಅರಳಿದ ತುಂಡನ್ನು ಆರಿದ ಮೇಲೆ ಎರಡು ಬೆರಳಿನಲ್ಲಿ ಒತ್ತಿದರೆ ಪುಡಿಯಾಗಬೇಕು. ಆಗದಿದ್ದರೆ ಮತ್ತೊಮ್ಮೆ ತುಪ್ಪದಲ್ಲಿ ಆಡಿಸತಕ್ಕದ್ದು. ಉಳಿದ ತುಪ್ಪದಲ್ಲಿಯೇ ತೆಳ್ಳಗೆ ಹೆಚ್ಚಿದ ಉತ್ತತ್ತಿಯನ್ನೂ, ಬಳಿಕ ಗೋಡಂಬಿ ಬಾದಾಮಿಗಳನ್ನೂ, ಕೊನೆಗೆ ದ್ರಾಕ್ಷಿಯನ್ನೂ ಹುರಿಯಬೇಕು. ದ್ರಾಕ್ಷಿ ಉಬ್ಬಿದ ಕೂಡಲೇ ತೆಗೆಯಬೇಕು. ಕೊಬ್ಬರಿ, ಶೇಂಗಾ, ಗಸಗಸೆಗಳನ್ನು ಜಿಡ್ಡಿಲ್ಲದೆ ಬೇರೆ ಬೇರೆಯಾಗಿ ಹುರಿದುಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಹುರಿಯುವ ಅವಸರ ಬೇಡ. ಕೊಬ್ಬರಿ ಕಂದುವ ಹೊತ್ತಿಗೆ ಶೇಂಗಾ ಇನ್ನೂ ಹಸಿಯಾಗಿರುತ್ತದೆ. ಶೇಂಗಾದ ಸಿಪ್ಪೆ ತೆಗೆದು ಬೇಳೆಯಷ್ಟಾಗುವಂತೆ ಒಡೆದು, ಗಸಗಸೆಯಲ್ಲಿ ಒಂದು ಹಿಡಿಯನ್ನು ಬೇರೆಯಾಗಿ ತೆಗೆದಿಟ್ಟು, ಕರಿದ ಅಂಟಿನ ಹೊರತು ಉಳಿದುದನ್ನೆಲ್ಲ ಒಂದು ಪಾತ್ರೆಯಲ್ಲಿ ಕೂಡಿಸಿ ಬೆಚ್ಚಗಿಡತಕ್ಕದ್ದು. ತಣ್ಣಗಿನ ಸಾಮಾನು ಬಿಸಿ ಪಾಕವನ್ನು ಕೂಡಲೇ ಹೆಪ್ಪುಗಟ್ಟಿಸಿ ಬೆರೆಯಗೊಡುವುದಿಲ್ಲ.

ಪಾಕದ ವಿಷಯದಲ್ಲಿ ಎಚ್ಚರ ಬೇಕು. ಬೆಲ್ಲವನ್ನು ಕುಟ್ಟಿ ಅರ್ಧ ಬಟ್ಟಲು ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಒಲೆಗೇರಿಸಬೇಕು. ಒಂದು ಬಟ್ಟಲಲ್ಲಿ ತಣ್ಣೀರು ಹತ್ತಿರವಿರಲಿ. ಪಾಕದ ಹನಿಯನ್ನು ನೀರಿನಲ್ಲಿ ಬಿಟ್ಟರೆ ಮೊದಲು ಹರಡಿ ಕರಗುತ್ತದೆ. ಇನ್ನಷ್ಟು ಕುದಿದ ಮೇಲೆ ಹನಿಯು ತಳದಲ್ಲಿ ನಿಂತು, ಬೆರಳಿನಿಂದ ಕೂಡಿಸಿದರೆ ಮೆತ್ತಗಿನ ಉಂಡೆಯಾಗುತ್ತದೆ. ಆಗ ಉಷ್ಣಮಾನ ಸುಮಾರು 115 ಅಂಶ. ಕರದಂಟಿಗೆ ಇದೇ ಹದ. ಇದನ್ನು ಮೀರಿ ಕುದಿಸುತ್ತ ಹೋದರೆ 145 ಅಂಶದ ಸುಮಾರಿಗೆ ಹನಿಯು ನೀರಿನಲ್ಲಿ ಗಾಜಿನಂತಾಗಿ, ಬಟ್ಟಲಿಗೆ ಬಡಿದರೆ ಸದ್ದು ಮಾಡಿ, ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಅದು ಶೇಂಗಾ ಚಿಕ್ಕಿಯ ಹದ. ಕರುಮ್ ಕುರುಮ್ ಎನ್ನುವ ತಿನಿಸು ಬೇಕಾದವರು ಇದೇ ಬೆಲ್ಲದಲ್ಲಿ ಬರಿಯ ಶೇಂಗಾ ಎಳ್ಳುಗಳಿಂದ ಚಿಕ್ಕಿ ಮಾಡಿಕೊಳ್ಳಬಹುದು. ಆದರೆ ಆ ಹದದಲ್ಲಿ ಕರದಂಟು ಮಾಡಿದರೆ ಹಲ್ಲಿಲ್ಲದ ಮುದುಕರಿಗೆ ಅದು ಕಲ್ಲು. ಪುಡಿ ಹಾಕಿ ಬಿಳುಪು ಮಾಡಿದ, ಹಳಸಿದ ಕಬ್ಬಿನ ಬೆಲ್ಲವಾದರೆ ಎಷ್ಟು ಕುದಿಸಿದರೂ ಹನಿಯು ಜಿಗುಟಾಗಿಯೇ ಇರುವುದು, ಇಲ್ಲವೆ ತಳ ಹತ್ತಿ ಕಹಿಯಾಗುವುದು. ಮೊದಲು ಹೇಳಿದ ಹೊಲದ ಲೆಕ್ಕವು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹದ ಬಂದ ಕೂಡಲೇ ಕಡಾಯಿಯನ್ನು ಇಳಿಸಿ, ಏಲಕ್ಕಿ ಜಾಜಿಕಾಯಿಗಳ ಪುಡಿಯನ್ನೂ ಕೂಡಿಸಿಟ್ಟ ಸಾಮಾನನ್ನೂ ಹಾಕಿ ಬೇಗಬೇಗ ಕಲಸಿ, ಕಟ್ಟಕಡೆಗೆ ಅಂಟನ್ನು ಬೆರೆಸತಕ್ಕದ್ದು. ಮೊದಲೇ ಹಾಕಿದರೆ ಪುಡಿಯಾಗಿ ಹೋಗುವುದು. ತುಪ್ಪ ಸವರಿದ ಪರಾತಕ್ಕೆ ಸುರಿದು, ಬಟ್ಟಲಿನ ತಳದಿಂದ ಒಂದು ಬೆರಳಿನ ದಪ್ಪಕ್ಕೆ ತಟ್ಟಿ, ತೆಗೆದಿಟ್ಟ ಗಸಗಸೆಯನ್ನು ಮೇಲೆ ಉದುರಿಸಿ, ಉಗುರುಬೆಚ್ಚಗಿರುವಾಗಲೇ ಕತ್ತರಿಸಬೇಕು. ಪೂರಾ ಆರಿದ ಮೇಲೆ ಕತ್ತರಿಸಲು ಹೋದರೆ ಒಡೆದು ಚೂರಾಗುತ್ತದೆ.

ತಿನ್ನುವವರ ವಿಚಾರ.— ಹೀಗೆ ಮಾಡಿದ ಒಂದು ತುಂಡು ಸುಮಾರು 40 ಗ್ರಾಮು ತೂಗುತ್ತದೆ. ಊಟವಾದ ಮೇಲೆ ಒಂದು ತುಂಡು ಸಾಕು. ಜಿಡ್ಡು ಸಿಹಿ ಎರಡೂ ತುಂಬಿರುವುದರಿಂದ ಹೊಲದಲ್ಲಿ ದುಡಿಯುವವರಿಗೆ ಎರಡು ಸಲ್ಲಬಹುದು, ಕುಳಿತು ಕೆಲಸ ಮಾಡುವವರಿಗೆ ಸಲ್ಲದು. ಬೆಲ್ಲವು ಸಕ್ಕರೆ ರೋಗಕ್ಕೆ ಅಪಾಯ ಮಾಡದೆಂಬ ಮಾತು ಹಳ್ಳಿಗಳಲ್ಲಿ ಬಲವಾಗಿ ಹರಡಿದೆ. ಅದು ತಪ್ಪು. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ. ಬಾಣಂತಿಯರ ರಕ್ತಹೀನತೆಗೆ ಅಂಟಿನ ಉಂಡೆಯೇ ಮದ್ದೆಂದು ನಂಬಿ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಬಿಸಾಡುವುದೂ ಉಂಟು. ಒಂದು ತುಂಡಿನಲ್ಲಿ ಬೆಲ್ಲ ಬರುವುದು 11 ಗ್ರಾಮಿನಷ್ಟು. ಅದರಲ್ಲಿನ ಕಬ್ಬಿಣದ ಅಂಶ ಅತ್ಯಲ್ಪ. ಉಂಡೆಯು ಪುಷ್ಟಿಗೆ, ಗುಳಿಗೆಯು ರಕ್ತಕ್ಕೆ, ಎರಡೂ ಇರಲಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳುಗಳಿರುವ ತುಂಡನ್ನು ಕೊಡಕೂಡದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಅವರಿಗೆಂದು ಎಲ್ಲವನ್ನೂ ಕುಟ್ಟಿ ಪುಡಿಮಾಡಿ ಹಾಕಿದ ಮೆತ್ತಗಿನ ಉಂಡೆ ಬೇರೆ ಕಟ್ಟಬೇಕು.

ಮಾರಾಟಕ್ಕೆ ಮಾಡುವವರು ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಮಾಡಿಸಿ, ಪೊಟ್ಟಣದ ಮೇಲೆ ಮಾಡಿದ ದಿನಾಂಕವನ್ನೂ ಒಳಗಿನ ಸಾಮಾನುಗಳ ಹೆಸರುಗಳನ್ನೂ ಬರೆಯಬೇಕಾಗುತ್ತದೆ. ಶೇಂಗಾ ಹಾಕಿದ್ದರೆ ಅದನ್ನು ತಪ್ಪದೆ ಕಾಣಿಸತಕ್ಕದ್ದು. ಶೇಂಗಾ ಒಗ್ಗದೆ ಉಸಿರು ಕಟ್ಟುವ ಜನರೂ ಇದ್ದಾರೆ. ನೇಕಾರಿಕೆಯ ಪಟ್ಟಣಗಳ ಹೆಂಗಸರ ಸಂಘಗಳಿಗೆ ಇದು ಕೈಗೆ ಹತ್ತುವ ಉದ್ಯೋಗ. ಅವರಿಗೆ ಊರ ಗಾಣದ ಶುದ್ಧ ಬೆಲ್ಲವು ವರ್ಷದುದ್ದಕ್ಕೂ ಒಂದೇ ಗುಣದಲ್ಲಿ ಸಿಗುವಂತಾದರೆ ಗಾಣದವರಿಗೂ ಪೇಟೆಯ ಸವಾಲಿನ ಹೊರಗೊಂದು ಗಿರಾಕಿ ಸಿಕ್ಕಂತಾಗುತ್ತದೆ.

ಇಡುವ ಕ್ರಮ.— ಕರದಂಟು ಪೂರಾ ಆರುವ ತನಕ ಡಬ್ಬಿಗೆ ತುಂಬಬಾರದು. ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂಡಿ ಅದೇ ಮತ್ತೆ ತುಂಡುಗಳ ಮೇಲೆ ಇಳಿಯುತ್ತದೆ. ತುಂಡುಗಳ ನಡುವೆ ತುಪ್ಪ ಹೀರದ ಕಾಗದವಿಟ್ಟು, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದಲೂ ನೀರಿನ ಹಂಡೆಯಿಂದಲೂ ದೂರವಿಡಬೇಕು. ಒದ್ದೆ ಕೈಯಿಂದ ತೆಗೆಯಬಾರದು. ಬೇಸಿಗೆಯಲ್ಲಿ ಒಂದು ತಿಂಗಳು ಬಾಳುವುದು ಆಷಾಢದ ಜಡಿಮಳೆಯಲ್ಲಿ ಹದಿನೈದು ದಿನವೂ ಬಾಳದೆ ಇರಬಹುದು. ಆ ಕಾಲದಲ್ಲಿ ಅರ್ಧ ಪಾಲು ಮಾತ್ರ ಮಾಡಿಕೊಳ್ಳುವುದು ಸರಿ. ಬೆಲ್ಲದ ಪೆಂಟೆಗಳನ್ನು ಮಳೆಗಾಲಕ್ಕೆ ಇಡುವವರು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಸುತ್ತಿ, ಶ್ರಾವಣ ಮುಗಿಯುವ ತನಕ ಆ ಕೋಣೆಯ ಕಿಟಕಿಯನ್ನು ತೆರೆಯದಿದ್ದರೆ ನಾಗರಪಂಚಮಿಯ ಉಂಡೆಗೂ ಅದೇ ಬೆಲ್ಲ ಒದಗುತ್ತದೆ.